ಮೂರನೆಯ ವೈರು

“ಬುದ್ಧೀ, ಸಭೆಯಲ್ಲಿ ರಂಪ ನಿಂತು ಒಂದು ತಿಂಗಳಾಯಿತು. ಮಠದಲ್ಲಿ ಎಲ್ಲರಿಗೂ ನೆಮ್ಮದಿಯಾಗಿದೆ. ನಿಮ್ಮ ಮುಖ ಮಾತ್ರ ಯಾಕೆ ಬಾಡಿದೆ?”

ಕೇಳಿದವನು ಗುರುಮಲ್ಲ. ಮಠದ ಅಡುಗೆಮನೆ, ಹುಡುಗರ ಹಾಸ್ಟೆಲ್ಲು ಎರಡನ್ನೂ ನೋಡಿಕೊಳ್ಳುವ ಶಿಷ್ಯ. ಮಠದ ಸ್ವಾಮಿಗಳಾದ ಬುದ್ಧಿಯವರು ಬೆಳಗಿನ ಪೂಜೆ ಮುಗಿಸಿ ಜಗಲಿಯ ಎಳೆಬಿಸಿಲಿಗೆ ಬಂದು ಕುಳಿತಿದ್ದರು.

ಆ ಮಠದಲ್ಲಿ ಒಂದು ರೂಢಿ. ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರೂ ಒಂದೆಡೆ ಸೇರುತ್ತಾರೆ. ಏನಾದರೂ ಸರಿಯಿಲ್ಲ ಅನ್ನಿಸಿದವರು ಎದ್ದು ನಿಂತು ಹೇಳಬಹುದು. ಸಗಣಿ ಬಾಚುವವನೂ ಹೇಳಬಹುದು, ಸ್ವಾಮಿಗಳ ಮೇಲೂ ಹೇಳಬಹುದು. ಕೊಟ್ಟಿಗೆ ನೋಡಿಕೊಳ್ಳುವ ಕೆಂಡಗಣ್ಣಪ್ಪ ದಿನಾ ಎದ್ದು ನಿಲ್ಲುತ್ತಿದ್ದ. ಸಾರಿಗೆ ಉಪ್ಪಿಲ್ಲ, ಕಂಬಳಿ ಬಿಸಿಲಿಗೆ ಹಾಕಿಲ್ಲ, ಗೇಟಿನ ಕೀಲು ಸಡಿಲ. ಗಂಟಲು ಒರಟು, ಮಾತು ಅದಕ್ಕಿಂತ ಒರಟು. ಕೇಳಿ ಕೇಳಿ ಎಲ್ಲರಿಗೂ ತಲೆ ಚಿಟ್ಟು ಹಿಡಿದಿತ್ತು.

ತಿಂಗಳ ಹಿಂದೆ ಒಂದು ಸಂಜೆ ಅವನು ಹೆಗಲ ಟವೆಲ್ಲು ಕೊಡವಿ ಎದ್ದು, “ಬುದ್ಧೀ, ಆ...” ಅನ್ನುತ್ತಿದ್ದ ಹಾಗೇ ಗುರುಮಲ್ಲ ತಡೆದ. “ಸಾಕು ಕೂತ್ಕೊಳ್ಳಿ ಕೆಂಡಗಣ್ಣಪ್ಪ. ಇನ್ಮೇಲೆ ಸಭೇಲಿ ನೀವು ಬಾಯಿ ತೆಗೆಯೋದೇ ಬೇಡ” ಎಂದ. ಉಳಿದವರೆಲ್ಲ ಹೌದು ಹೌದು ಎಂದರು. ಬುದ್ಧಿಯವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕೆಂಡಗಣ್ಣಪ್ಪ ಕುಳಿತ. ಅಂದಿನಿಂದ ಪಂಕ್ತಿಗೆ ಬರುತ್ತಾನೆ, ಉಣ್ಣುತ್ತಾನೆ, ಕೈ ತೊಳೆದು ಕೊಟ್ಟಿಗೆಗೆ ಹೋಗುತ್ತಾನೆ. ತುಟಿ ಪಿಟಕ್ಕೆನ್ನುವುದಿಲ್ಲ.

“ಕೂತ್ಕೋ” ಎಂದರು ಬುದ್ಧಿಯವರು. “ಒಬ್ಬ ಟ್ಯಾಕ್ಸಿಯವನ ಕತೆ ಹೇಳುತ್ತೇನೆ. ಹೆಸರು ಕೇಳಬೇಡ. ಎಂಜಿನ್ನಿನ ಒಂದೊಂದು ತಿರುಪಿನ ವಿಚಾರವನ್ನೂ ನನ್ನ ಮುಂದೆ ಬಿಡಿಸಿ ಹೇಳಿದ ಅವನು, ಹೆಂಡತಿಯ ಹೆಸರು ಬರಬೇಕಾದ ಕಡೆ ಮಾತು ಕಟ್ಟಿ ಕುಳಿತುಬಿಟ್ಟ. ಅವನ ಬಾಯಲ್ಲಿ ಬರದ ಹೆಸರು ನಮಗೇಕೆ?”

ಹೀಗೆಂದು ಅವರು ಹೇಳತೊಡಗಿದರು.

ಕಾಡಿನಂಚಿನ ಒಂದು ಊರು. ಅಲ್ಲೊಬ್ಬ ಟ್ಯಾಕ್ಸಿಯವನು. ಅವನಿಗಿದ್ದದ್ದು ಒಂದು ಹಳೆಯ ಪೆಟ್ರೋಲ್ ಕಾರು, ಒಬ್ಬಳು ಹೆಂಡತಿ. ಹೆಂಡತಿಗೆ ಎರಡು ಮೂತ್ರಪಿಂಡಗಳೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಪಟ್ಟಣದ ಆಸ್ಪತ್ರೆಯಲ್ಲಿ ಅವಳ ರಕ್ತವನ್ನು ಯಂತ್ರಕ್ಕೆ ಹಾಯಿಸಿ ಶುದ್ಧ ಮಾಡಿಸಬೇಕು. ಮಾಡಿಸಿದರೆ ಅವಳುಂಟು, ಇಲ್ಲದಿದ್ದರೆ ಇಲ್ಲ. ಪಟ್ಟಣ ಅರವತ್ತು ಕಿಲೋಮೀಟರ್ ದೂರ, ನಡುವೆಲ್ಲ ಕಾಡು. ಬೆಳಗ್ಗೆ ಆರಕ್ಕೆ ಒಂದು ಬಸ್ಸು, ಅದು ಬಿಟ್ಟರೆ ಅವನ ಕಾರು. ಆ ಕಾರಿನಲ್ಲೇ ಅವಳ ಜೀವ ಇತ್ತು ಅನ್ನು.

ಒಂದು ದಿನ ಕಾರು ಮಿಸ್ಸಿಂಗ್ ಹೊಡೆಯತೊಡಗಿತು. ಏರು ಹತ್ತುವಾಗ ತಡವರಿಸುವುದು, ಜಗ್ಗುವುದು, ಬಾನೆಟ್ಟಿನೊಳಗಿಂದ ಟಪ್ ಟಪ್ ಎಂದು ಕೆಮ್ಮುವುದು. ಒಂದೊಂದು ಜಗ್ಗಿಗೂ ಹಿಂದಿನ ಸೀಟಿನಲ್ಲಿ ಒರಗಿದ್ದ ಹೆಂಡತಿ ಮುಖ ಹಿಂಡುತ್ತಿದ್ದಳು. ಅದನ್ನು ಕನ್ನಡಿಯಲ್ಲಿ ನೋಡಿ ಅವನು ಗಾಡಿ ನಿಧಾನ ಮಾಡುತ್ತಿದ್ದ. ಕೆಟ್ಟವನಲ್ಲ ಕಣಪ್ಪ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಡತಿ ಎಂದರೆ ಪ್ರಾಣ ಅವನಿಗೆ.

ಗ್ಯಾರೇಜಿಗೆ ಮಾತ್ರ ಒಯ್ಯಲಿಲ್ಲ. ಗ್ಯಾರೇಜಿನವನು ಬಿಚ್ಚಿ ಹರಡಿಕೊಂಡು ಕುಳಿತರೆ ಆಸ್ಪತ್ರೆಯ ದಿನ ತಪ್ಪಿಹೋದೀತು ಎಂಬ ಹೆದರಿಕೆ. ಅದರ ಮೇಲೆ ಒಂದಿಷ್ಟು ಜಂಬವೂ ಇತ್ತು. ಇಪ್ಪತ್ತು ವರ್ಷ ತಾನು ಓಡಿಸಿದ ಗಾಡಿ, ತನಗೆ ಗೊತ್ತಿಲ್ಲದ್ದು ನಿನ್ನೆ ಮೊನ್ನೆ ಸ್ಪ್ಯಾನರ್ ಹಿಡಿದವನಿಗೇನು ಗೊತ್ತು! ಮನೆಯ ಅಂಗಳದಲ್ಲೇ ಬಾನೆಟ್ ಎತ್ತಿದ.

ಪೆಟ್ರೋಲ್ ಸೋಸುವ ಜಾಲರಿ ತೊಳೆದ. ಪ್ಲಗ್ಗುಗಳನ್ನು ಬಿಚ್ಚಿ ಎಮರಿ ಕಾಗದದಲ್ಲಿ ತಿಕ್ಕಿ ಮತ್ತೆ ಕೂರಿಸಿದ. ಕೆಮ್ಮು ನಿಲ್ಲಲಿಲ್ಲ. ಕೊನೆಗೆ ಡ್ರೈವರುಗಳೆಲ್ಲ ಮಾಡುವ ಒಂದು ಪರೀಕ್ಷೆಗೆ ಕೈಹಾಕಿದ.

ನಿನಗೆ ಗೊತ್ತಿರಲಿಕ್ಕಿಲ್ಲ, ಕೇಳು. ಆ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರ್. ಸಿಲಿಂಡರ್ ಅಂದರೆ ಒಲೆ ಅಂದುಕೋ. ನಾಲ್ಕಕ್ಕೂ ಪೆಟ್ರೋಲ್ ಬರುತ್ತದೆ, ನಾಲ್ಕಕ್ಕೂ ಕಿಡಿ ಕೊಡುವ ಒಂದೊಂದು ವೈರು ಇರುತ್ತದೆ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ವೈರನ್ನು ಕಿತ್ತು ಕಿವಿಗೊಡಬೇಕು. ಕಿತ್ತಾಗ ಎಂಜಿನ್ ಕುಗ್ಗಿದರೆ ಆ ಒಲೆ ನೆಟ್ಟಗಿದೆ. ಕುಗ್ಗದೇ ಹೋದರೆ ಕಾಯಿಲೆ ಅಲ್ಲೇ. ಕಾಯಿಲೆ ಎಲ್ಲಿದೆ ಎಂದು ತಿಳಿಯುವುದಕ್ಕೆ ಇದು, ಅಷ್ಟೇ. ತಿಳಿದ ಮೇಲೆ ವೈರನ್ನು ಮತ್ತೆ ಸಿಕ್ಕಿಸಬೇಕು, ಆ ಒಲೆಯನ್ನು ಬಿಚ್ಚಿ ನೋಡಬೇಕು.

ಅವನು ಕೈಗೆ ಒಣಬಟ್ಟೆ ಸುತ್ತಿಕೊಂಡು ಮೊದಲನೆಯದನ್ನು ಕಿತ್ತ. ಎಂಜಿನ್ ನಡುಗಿ ಕುಗ್ಗಿತು. ಸಿಕ್ಕಿಸಿದ. ಎರಡನೆಯದೂ ಹಾಗೇ. ಮೂರನೆಯದನ್ನು ಕಿತ್ತ. ಕೆಮ್ಮು ಟಕ್ಕನೆ ನಿಂತಿತು. ಜಗ್ಗೂ ಇಲ್ಲ, ಟಪ್ ಟಪ್ಪೂ ಇಲ್ಲ. ಕೊಂಚ ಸೊರಗಿದ ಸದ್ದು, ಆದರೆ ಒಂದೇ ಸಮ.

ಜಗಲಿಯ ಮೇಲೆ ಕುಳಿತಿದ್ದ ಹೆಂಡತಿ, “ಅಬ್ಬಾ, ಸರಿಹೋಯ್ತಲ್ಲ!” ಎಂದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನಗು. ಆ ನಗು ನೋಡಿ ಅವನ ಕೈ ಅಲ್ಲೇ ನಿಂತುಬಿಟ್ಟಿತು. ನಾಲ್ಕನೆಯ ವೈರನ್ನು ಮುಟ್ಟಲೂ ಇಲ್ಲ. ಮೂರನೆಯದನ್ನು ಮಡಚಿ, ರಬ್ಬರ್ ಪಟ್ಟಿ ಸುತ್ತಿ, ಒಂದು ಪಕ್ಕಕ್ಕೆ ಕಟ್ಟಿ ಬಾನೆಟ್ ಮುಚ್ಚಿದ. ಮೂರು ಒಲೆಯಲ್ಲಿ ಸಾಗಿದಷ್ಟು ದಿನ ಸಾಗಲಿ, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡ.

ಎರಡು ವಾರ ಕಾರು ಸದ್ದಿಲ್ಲದೆ ಓಡಿತು. ಹೆಂಡತಿ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಮಲಗಿಯೂ ಬಿಡುತ್ತಿದ್ದಳು.

ದಿನಾ ಬೆಳಗ್ಗೆ ಎಂಜಿನ್ನಿನ ಎಣ್ಣೆ ಎಷ್ಟಿದೆ ಎಂದು ಕಡ್ಡಿ ಎಳೆದು ನೋಡುವುದು ಅವನ ಅಭ್ಯಾಸ. ಹಳೆಯ ಗಾಡಿ ಎಣ್ಣೆ ಕುಡಿಯುತ್ತದೆ, ಕಡ್ಡಿಯ ಮೇಲಿನ ಗುರುತು ದಿನದಿನಕ್ಕೆ ಇಳಿಯಬೇಕು. ಇವನ ಕಡ್ಡಿಯಲ್ಲಿ ಗುರುತು ಏರುತ್ತಾ ಬಂತು! ಅವನಿಗೆ ಹಿಗ್ಗೋ ಹಿಗ್ಗು. “ನೋಡೇ, ಎಣ್ಣೆ ಕುಡಿಯೋದನ್ನೂ ಬಿಟ್ಟಿದೆ ನಮ್ಮ ಗಾಡಿ” ಎಂದು, ಕಡ್ಡಿ ಒರೆಸಿದ ಬಟ್ಟೆಯನ್ನು ಒಗೆಯುವ ಕಲ್ಲಿನ ಮೇಲೆ ಎಸೆದ. ಹೆಂಡತಿ ಅದನ್ನು ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದಳು.

“ಇದೇನ್ರೀ, ಪೆಟ್ರೋಲ್ ವಾಸನೆ ಬರ್ತದಲ್ಲ?”

“ಮಾತ್ರೆ ನುಂಗಿ ನುಂಗಿ ನಿನ್ನ ಮೂಗು ಕೆಟ್ಟಿದೆ.”

“ಇಲ್ಲಾರೀ, ನೀವೇ ಮೂಸಿ ನೋಡಿ. ಒಂದ್ಸಲ ಗ್ಯಾರೇಜಿಗಾದ್ರೂ...”

“ಗಾಡಿ ವಿಚಾರ ನಿನಗ್ಯಾಕೆ? ಬಾಯಿ ಮುಚ್ಕೊಂಡು ಸುಮ್ನೆ ಬಿದ್ದಿರು!”

ಬಾಯಿ ತಪ್ಪಿ ಬಂದ ಮಾತು. ಆಡಿದ ಕೂಡಲೇ ಅವನಿಗೆ ಪಿಚ್ಚೆನಿಸಿತು. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಬಟ್ಟೆಯನ್ನು ಮೂಸಲೂ ಇಲ್ಲ. ಮೂಸಿದ್ದರೂ ಅವನ ಮೂಗಿಗೆ ಇಪ್ಪತ್ತು ವರ್ಷದಿಂದ ಒಗ್ಗಿಹೋದ ವಾಸನೆ ಅದು. ಅವಳು ಬಟ್ಟೆಯನ್ನು ಕಲ್ಲಿನ ಮೇಲೇ ಇಟ್ಟು ಒಳಗೆ ಹೋದಳು. ಆಮೇಲೆ ಅವಳು ಗಾಡಿಯ ವಿಚಾರ ಎತ್ತಲಿಲ್ಲ. ತನ್ನ ಮೈಯ ವಿಚಾರವನ್ನೂ ಎತ್ತಲಿಲ್ಲ.

ಆ ವಾಸನೆ ಎಲ್ಲಿಂದ ಬಂತು ಗೊತ್ತೇನು? ಮೂರನೆಯ ಒಲೆಗೆ ಅವನು ಕಿಡಿ ನಿಲ್ಲಿಸಿದ್ದ, ಪೆಟ್ರೋಲ್ ನಿಲ್ಲಿಸಿರಲಿಲ್ಲ. ಅದರ ಪಾಲು ಅದಕ್ಕೆ ಬರುತ್ತಲೇ ಇತ್ತು. ಉರಿಯಲಾರದ ಪೆಟ್ರೋಲ್ ಎಲ್ಲಿಗೆ ಹೋಗಬೇಕು ಪಾಪ? ಒಳಗೋಡೆಗುಂಟ ಜಿನುಗಿ ಜಿನುಗಿ ತಳದ ಎಣ್ಣೆಗೆ ಇಳಿಯಿತು. ಎಣ್ಣೆ ನಾಲ್ಕಕ್ಕೂ ಒಂದೇ. ಕಡ್ಡಿಯಲ್ಲಿ ಏರಿದ್ದು ಎಣ್ಣೆಯಲ್ಲ, ಅದರಲ್ಲಿ ಬೆರೆತ ಪೆಟ್ರೋಲ್. ಎಣ್ಣೆ ದಿನದಿನಕ್ಕೆ ನೀರಾಯಿತು, ನೆಟ್ಟಗಿದ್ದ ಒಲೆಗಳೂ ಒಳಗೊಳಗೇ ಸವೆದವು. ಹೊರಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ.

ಮೂರನೆಯ ವಾರದ ಮಂಗಳವಾರ ಹಬ್ಬ ಬಂತು. ಆಸ್ಪತ್ರೆಗೆ ರಜೆ, ಶುಕ್ರವಾರ ತಪ್ಪಿಸಬೇಡಿ ಎಂದು ಮೊದಲೇ ಹೇಳಿದ್ದರು. ಗುರುವಾರದ ಹೊತ್ತಿಗೆ ಅವಳ ಕಾಲುಗಳು ಊದಿಕೊಂಡಿದ್ದವು. ನಾಲ್ಕು ಹೆಜ್ಜೆ ಇಟ್ಟರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು.

“ಏನಾಗ್ತಿದೆ ಹೇಳು. ಈಗಲೇ ಹೊರಟುಬಿಡೋಣ್ವಾ?” ಎಂದ.

“ಏನೂ ಇಲ್ಲ, ಎಲ್ಲಾ ಸರಿಯಾಗೇ ಇದೆ” ಎಂದಳು.

ಅವನು ನಂಬಿದ. ನಂಬಿ ಊಟ ಮಾಡಿ ಮಲಗಿದ.

ಶುಕ್ರವಾರ ಬೆಳಗ್ಗೆ ಆರರ ಬಸ್ಸು ಮನೆಯ ಮುಂದೆಯೇ ಹಾದುಹೋಯಿತು. ಕಾರಿರುವಾಗ ಬಸ್ಸೇಕೆ? ಕಡ್ಡಿ ಎಳೆದು ನೋಡಿದ, ಗುರುತು ದಾಟಿ ಮೇಲಕ್ಕೆ ಬಂದಿತ್ತು. ಸಮಾಧಾನದಿಂದ ಎಂಟಕ್ಕೆ ಹೊರಟ. ಕಾಡಿನ ಏರು ಅರ್ಧ ಹತ್ತಿದಾಗ ಸ್ಟೀರಿಂಗಿನ ಮುಂದೆ ಕೆಂಪು ದೀಪ ಹೊತ್ತಿಕೊಂಡಿತು. ಎಣ್ಣೆಯ ಒತ್ತಡ ಸಾಲದು ಎಂದು ಹೇಳುವ ದೀಪ. ಈಗ ತಾನೇ ನೋಡಿಕೊಂಡು ಬಂದಿದ್ದೇನೆ, ತುಂಬಿ ತುಳುಕುತ್ತಿದೆ, ದೀಪಕ್ಕೇ ಏನೋ ಆಗಿದೆ ಎಂದುಕೊಂಡ. ಕನ್ನಡಿಯಲ್ಲಿ ನೋಡಿದ. ಹಿಂದೆ ಕುಳಿತ ಹೆಂಡತಿಯೂ ಆ ದೀಪವನ್ನೇ ನೋಡುತ್ತಿದ್ದಳು. ಏನೂ ಹೇಳಲಿಲ್ಲ.

ಇನ್ನೆರಡು ತಿರುವು ಅಷ್ಟೇ. ಒಳಗೆ ಲಟಲಟ ಸದ್ದಾಯಿತು. ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಕಿರಿಚಾಟ ಕೇಳಿತು. ಕಾರು ಗಕ್ಕನೆ ನಿಂತಿತು. ಎಂಜಿನ್ ಸೀಜ್ ಆಗಿತ್ತು, ಒಳಗೆ ಕಚ್ಚಿಕೊಂಡುಬಿಟ್ಟಿತ್ತು.

ಇಳಿದು ಬಾನೆಟ್ ಎತ್ತಿದ. ಕಡ್ಡಿ ಎಳೆದ. ಎಣ್ಣೆ ಬೆರಳಿಗೆ ಅಂಟಲಿಲ್ಲ, ನೀರಿನ ಹಾಗೆ ಹರಿದು ಇಳಿಯಿತು. ಆಗ ಮೂಸಿದ. ಎಷ್ಟು ಒಗ್ಗಿದ ಮೂಗಾದರೂ ಈಗ ತಪ್ಪುವಂತಿರಲಿಲ್ಲ. ಪಕ್ಕದಲ್ಲಿ ಮೂರನೆಯ ವೈರು ಅವನು ರಬ್ಬರ್ ಸುತ್ತಿ ಕಟ್ಟಿದ ಹಾಗೇ ಇತ್ತು.

ಫೋನಿಗೆ ಸಿಗ್ನಲ್ ಸಿಗದ ಜಾಗ. ಓಡಿ ಬಂದು ಹಿಂದಿನ ಬಾಗಿಲು ತೆಗೆದ. “ನೀನು ಹೇಳಿದ್ದೇ ಸರಿ ಕಣೇ. ಪೆಟ್ರೋಲೇ ಅದು. ಕೇಳಿಸ್ತೇನೇ? ನೀನು ಹೇಳಿದ್ದೇ ಸರಿ” ಎಂದ. ಅವಳು ಅವನ ಕಡೆ ನೋಡಿದಳು. ಬಾಯಿ ತೆರೆದಿದ್ದಳು, ಮಾತಿಗಲ್ಲ, ಉಸಿರಿಗೆ. ಅವನು ಅವಳ ಕೈ ಹಿಡಿದು ಕುಳಿತ. ರಸ್ತೆಗೆ ಹೋಗಿ ನಿಂತ. ಮತ್ತೆ ಬಂದು ಕುಳಿತ. ಎರಡು ಗಂಟೆಯ ಮೇಲೆ ಒಂದು ಬಿದಿರಿನ ಲಾರಿ ಬಂತು. ಲಾರಿಯವರು ಒಳ್ಳೆಯವರು, ಮುಂದಿನ ಸೀಟು ಬಿಟ್ಟುಕೊಟ್ಟು ತಾವು ಬಿದಿರಿನ ಮೇಲೆ ಹತ್ತಿದರು. ಪಟ್ಟಣದ ಮೊದಲ ಮನೆಗಳು ಕಾಣುವ ಹೊತ್ತಿಗೆ ಅವಳು ಅವನ ತೋಳಿನ ಮೇಲೇ ಹೋಗಿಬಿಟ್ಟಿದ್ದಳು.

ಎಲ್ಲ ಮುಗಿದು ಹದಿನೈದು ದಿನಕ್ಕೆ ಗ್ಯಾರೇಜ್‌ನವನು ಎಂಜಿನ್ ಬಿಚ್ಚಿದ. ಮೂರನೆಯ ಸಿಲಿಂಡರಿನ ಒಂದು ವಾಲ್ವ್ ಅಂಚಿನಲ್ಲಿ ಸುಟ್ಟಿತ್ತು, ಕಿರುಬೆರಳ ಉಗುರಿನಷ್ಟು. “ಕೆಮ್ಮುವಾಗಲೇ ತರಬಾರದಿತ್ತಾ ಅಣ್ಣ? ಶನಿವಾರ ತಂದಿದ್ರೆ ಭಾನುವಾರ ಸಂಜೆಗೆ ಕೊಟ್ಟು ಕಳಿಸ್ತಿದ್ದೆ. ಪಾಪ, ಅದು ಬಡ್ಕೋತಾನೇ ಇತ್ತಲ್ಲ” ಎಂದ. ಟ್ಯಾಕ್ಸಿಯವನು ಎದ್ದು ಬಂದ. ಅವಳು ಕಲ್ಲಿನ ಮೇಲೆ ಇಟ್ಟಿದ್ದ ಆ ಬಟ್ಟೆಯನ್ನು ಅವನು ಇನ್ನೂ ಒಗೆದಿಲ್ಲ.

ಬುದ್ಧಿಯವರು ನಿಲ್ಲಿಸಿದರು. ಗುರುಮಲ್ಲನ ಕಣ್ಣು ತೇವವಾಗಿತ್ತು. “ಅಯ್ಯೋ ಪಾಪ” ಎಂದ.

“ಸಭೆಯಲ್ಲಿ ಆ ಸಂಜೆ ನಾನೂ ಬಾಯಿ ಬಿಡಲಿಲ್ಲ ಕಣಪ್ಪ” ಎಂದರು ಬುದ್ಧಿಯವರು. “ನನಗೂ ಕೇಳಿ ಕೇಳಿ ಸಾಕಾಗಿತ್ತು. ಅದಕ್ಕೇ ಕೇಳುತ್ತೇನೆ, ನೆನಪಿದ್ದರೆ ಹೇಳು. ನೀನು ಕೂರಿಸಿದ ಹೊತ್ತಿನಲ್ಲಿ ಕೆಂಡಗಣ್ಣಪ್ಪ ಏನು ಹೇಳಲು ಎದ್ದಿದ್ದ?”

ಗುರುಮಲ್ಲ ನೆನಪು ಮಾಡಿಕೊಂಡ. ಕೊಡವಿದ ಟವೆಲ್ಲು ನೆನಪಾಯಿತು. ತಾನು ಆಡಿದ ಮಾತು ಅಕ್ಷರ ಬಿಡದೆ ನೆನಪಾಯಿತು. “ಬುದ್ಧೀ, ಆ...” ಎಂದಿದ್ದ. ಆ ಏನು? ಆ ಗೇಟೋ, ಆ ಬಾವಿಯೋ, ಹುಡುಗರು ಮಲಗುವ ಆ ಕೋಣೆಯೋ? ಅತ್ತ ಹಾಸ್ಟೆಲ್ಲಿನಿಂದ ಹುಡುಗರು ಮಗ್ಗಿ ಒಪ್ಪಿಸುವ ಸದ್ದು ಬರುತ್ತಿತ್ತು. ಗುರುಮಲ್ಲ ಎದ್ದು ನಿಂತ.

“ಈಗಲೇ ಕೊಟ್ಟಿಗೆಗೆ ಹೋಗಿ ಕೇಳ್ಕೊಂಡು ಬರ್ತೀನಿ ಬುದ್ಧೀ.”

“ನಿನ್ನೆ ನಾನೇ ಹೋಗಿ ಕೇಳಿದೆ. ‘ಏನೂ ಇಲ್ಲ ಬುದ್ಧೀ, ಎಲ್ಲಾ ಸರಿಯಾಗೇ ಇದೆ’ ಅಂದ.”

ಗುರುಮಲ್ಲ ನಿಂತಲ್ಲೇ ನಿಂತ.