ಸಣ್ಣೀರಮ್ಮನ ಮಂಚ

"ಗುರುಗಳೇ, ಇನ್ನೇನನ್ನು ಅಳಿಸಬೇಕು?" ಎಂದು ಮುರಿಗೇಶ ಕೇಳಿದ.

ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಹಿಂದಿನ ಬದುಕನ್ನು ಪೂರ್ತಿ ಒರೆಸಿ ಹಾಕಿದರೆ ಮನಸ್ಸು ಹಗುರಾಗುತ್ತದೆ ಎಂದು ಅವನು ನಂಬಿದ್ದ. ಊರಿನ ಮಾತು ಬಂದರೆ ಎದ್ದು ಹೋಗುತ್ತಿದ್ದ. ಮನೆಯಿಂದ ಬಂದ ಕಾಗದಗಳನ್ನು ಒಡೆಯದೆ ಒಲೆಗೆ ಹಾಕುತ್ತಿದ್ದ. "ಎಲ್ಲವನ್ನೂ ಬಿಟ್ಟೆ. ಆದರೂ ಕಣ್ಣು ಮುಚ್ಚಿ ಕೂತರೆ ಹೆದರಿಕೆಯಾಗುತ್ತದೆ. ಯಾತರ ಹೆದರಿಕೆ ಎಂದೂ ತಿಳಿಯುವುದಿಲ್ಲ" ಎಂದ.

ಗುರುಗಳು ಕಡಲೆಕಾಯಿ ಬಿಡಿಸುತ್ತಿದ್ದರು. ಮೊರವನ್ನು ಅವನ ಕಡೆಗೆ ತಳ್ಳಿ, "ಕೈ ಸುಮ್ಮನಿರುವುದು ಬೇಡ. ಬಿಡಿಸುತ್ತ ಕೇಳು" ಎಂದು ಹೇಳಿ ಕತೆ ಶುರುಮಾಡಿದರು.

ಒಬ್ಬ ಬಸ್ ಕಂಡಕ್ಟರ್ ಇದ್ದ. ತಾಯಿ ಮತ್ತು ಹೆಂಡತಿಯ ಜೊತೆ ಬಹಳ ವರ್ಷ ಬಾಡಿಗೆ ಮನೆಯಲ್ಲಿದ್ದು, ಕೊನೆಗೆ ಒಂದು ಹಳೆಯ ಮನೆ ಕೊಂಡ. ಮಣ್ಣಿನ ಗೋಡೆ, ನಾಡಹೆಂಚಿನ ಸೂರು, ತಲೆ ಬಗ್ಗಿಸಿ ದಾಟಬೇಕಾದ ಬಾಗಿಲು. ಕೊಂಡ ಮೇಲೆ ಕೈಯಲ್ಲಿ ಏನೂ ಉಳಿಯಲಿಲ್ಲ. ವಾರಕ್ಕೊಂದು ರಜೆ ಇತ್ತು, ಎರಡು ಕೈ ಇದ್ದವು, ಏನನ್ನು ಬೇಕಾದರೂ ನಾನೇ ಮಾಡಬಲ್ಲೆ ಎಂಬ ಜಂಬ ಇತ್ತು. ಜಂಬ ಇಲ್ಲದವರು ಹಳೆಯ ಮನೆ ಕೊಳ್ಳುವ ಗೋಜಿಗೇ ಹೋಗುವುದಿಲ್ಲ ಬಿಡು.

ಮೊದಲು ಗೋಡೆಯ ಬಿರುಕು ಮುಚ್ಚಲು ಹೊರಟ. ಸಿಮೆಂಟು ಕಲಸಿ ಮೆತ್ತಿದ. ನೋಡಲು ಗಟ್ಟಿಯಾಗಿಯೇ ಇತ್ತು. ಎರಡು ತಿಂಗಳಲ್ಲಿ ಅದು ಕಾವಲಿಯ ಮೇಲಿನ ದೋಸೆಯ ಹಾಗೆ ಅಂಚು ಬಿಟ್ಟು ಎದ್ದು, ಒಂದು ದಿನ ಇಡಿಯಾಗಿ ಕೆಳಗೆ ಬಿತ್ತು. ಬೀದಿಯ ಕೊನೆಯ ಮನೆಯಲ್ಲಿದ್ದ ಮುದುಕ ಗಾರೆಯವನು ಬಂದು ನೋಡಿ ನಕ್ಕ. ಮಣ್ಣಿನ ಗೋಡೆ ಮಣ್ಣನ್ನು ಬಿಟ್ಟು ಬೇರೇನನ್ನೂ ಹಿಡಿದುಕೊಳ್ಳುವುದಿಲ್ಲ ಎಂದು ಹೇಳಿಕೊಟ್ಟ. ಕಂಡಕ್ಟರ್ ಕೆಮ್ಮಣ್ಣು ತಂದು ಜರಡಿ ಹಿಡಿದ. ಹುಲ್ಲು ಕತ್ತರಿಸಿ ಹಾಕಿ, ನೀರು ಬಿಟ್ಟು ತುಳಿದು, ಎಂಟು ದಿನ ಕೊಳೆಯಲು ಬಿಟ್ಟ. ಆಮೇಲೆ ಮೆತ್ತಿದ. ಅದು ನಿಂತಿತು. ಮೇಲೆ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಬಳಿದ. ಮನೆಯೊಳಗೆ ಬೆಳಕು ಬಂದಂತಾಯಿತು.

ಆಮೇಲೆ ಸಾಮಾನು. ಅವನ ಬಸ್ಸು ದಿನವೂ ಒಂದು ದೊಡ್ಡ ಊರಿಗೆ ಹೋಗುತ್ತಿತ್ತು. ಅಲ್ಲಿಯ ಬಸ್ ನಿಲ್ದಾಣದ ಹಿಂದೆ ಗುಜರಿ ಅಂಗಡಿಗಳ ಸಾಲು. ಕೆಡವಿದ ಮನೆಗಳ ಬಾಗಿಲು, ಕಿಟಕಿ, ಬೀರು, ಎಲ್ಲವೂ ಅಲ್ಲಿಗೆ ಬಂದು ಬೀಳುತ್ತಿದ್ದವು. ಊಟದ ಬಿಡುವಿನಲ್ಲಿ ಹೋಗಿ ಒಂದನ್ನು ಆರಿಸುವನು. ಬಸ್ಸಿನ ಮೇಲೆ ಹಾಕಿಸುವನು. ತನಗೆ ತಾನೇ ಲಗೇಜು ಟಿಕೆಟ್ ಹರಿದುಕೊಂಡು ಜೇಬಿಗಿಡುವನು. ಅಷ್ಟು ನೇರ ಮನುಷ್ಯ. ಡ್ರೈವರ್ ಮಾತ್ರ, ಕಿಟಕಿಗೆ ಕಿಟಕಿ ಪಕ್ಕದ ಸೀಟು ಕೊಟ್ಟೆಯಾ ಎಂದು ದಿನವೂ ಕಾಲೆಳೆಯುತ್ತಿದ್ದ.

ಮುಚ್ಚಿಹೋದ ಶಾಲೆಯೊಂದರ ಬೆಂಚು ಪಡಸಾಲೆಗೆ ಬಂತು. ಔಷಧಿ ಅಂಗಡಿಯ ಗಾಜಿನ ಬೀರು ಅಡುಗೆಮನೆಗೆ ಬಂತು. ಕೆಮ್ಮಿನ ಮಾತ್ರೆ ಎಂದು ಚೀಟಿ ಅಂಟಿಸಿದ್ದ ಖಾನೆಯಲ್ಲಿ ಸಾಸಿವೆ ಜೀರಿಗೆ ಕೂತವು. ಅವನು ಎಲ್ಲವನ್ನೂ ಉಪ್ಪುಕಾಗದದಿಂದ ಉಜ್ಜಿ, ಹಳೆಯ ಬಣ್ಣ ತೆಗೆದು, ಎಣ್ಣೆ ಕುಡಿಸಿ ಹೊಸದರಂತೆ ಮಾಡುತ್ತಿದ್ದ. ಅವನ ತಾಯಿಗೆ ಇದೆಲ್ಲ ತುಂಬ ಹಿಡಿಸಿತು. ಶಾಲೆಯ ಮೆಟ್ಟಿಲು ಹತ್ತದ ನಾನು ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕೂತೆ ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು.

ಆದರೆ ಆ ತಾಯಿಯ ಮಂಡಿ ಸವೆದುಹೋಗಿತ್ತು. ಹುಟ್ಟಿದಾಗಿನಿಂದ ಚಾಪೆಯ ಮೇಲೆ ಮಲಗಿದವಳು. ಈ ಮನೆಯ ನೆಲ ಕಲ್ಲುಚಪ್ಪಡಿಯದು, ಬೇಸಿಗೆಯಲ್ಲೂ ತಣ್ಣಗಿರುವಂಥದ್ದು. ಪ್ರತಿದಿನ ಬೆಳಗ್ಗೆ ಸೊಸೆ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಬೇಕಾಗಿತ್ತು. ಮುದುಕಿ ತುಟಿ ಕಚ್ಚಿಕೊಂಡು ಏಳುತ್ತಿದ್ದಳು. ಇನ್ನು ನೆಲದ ಮೇಲೆ ಮಲಗಿದರೆ ಒಂದು ದಿನ ಏಳಲಾಗದೆ ಅಲ್ಲೇ ಉಳಿದುಬಿಡುತ್ತೀರಿ ಎಂದು ಡಾಕ್ಟರು ಹೇಳಿದರು. ಕಂಡಕ್ಟರ್ ಅವತ್ತೇ ಮಂಚ ಹುಡುಕಲು ಶುರುಮಾಡಿದ.

ಸಿಕ್ಕಿತು. ಹೊನ್ನೆಮರದ ಮಂಚ. ಕಡೆದ ಕಾಲುಗಳು, ಒಂದು ಹುಳುವೂ ಮುಟ್ಟಿರಲಿಲ್ಲ. ತಲೆಯ ಕಡೆಯ ಹಲಗೆಯ ಮೇಲೆ ಒಂದು ಹೆಸರು ಕೆತ್ತಿತ್ತು.

ಇಲ್ಲಿ ಅವನಿಗೆ ಅಳುಕು ಬಂತು. ನಮ್ಮ ಕಡೆಯ ಜನ ಬೇರೆಯವರ ಮನೆಯ ಬಾಗಿಲು ತರುತ್ತಾರೆ, ಬೆಂಚು ತರುತ್ತಾರೆ, ಒರಳುಕಲ್ಲನ್ನೂ ಉರುಳಿಸಿಕೊಂಡು ಬರುತ್ತಾರೆ. ಮಂಚ ತರುವುದಿಲ್ಲ. ಅದರ ಮೇಲೆ ಯಾರು ಸತ್ತಿದ್ದರೋ ಎಂಬ ಹೆದರಿಕೆ. ಜೀವ ಹೋಗುವ ಹೊತ್ತಿಗೆ ಮನುಷ್ಯರನ್ನು ಮಂಚದಿಂದ ಚಾಪೆಗೆ ಇಳಿಸುವುದು ನಮ್ಮಲ್ಲಿ ರೂಢಿ. ಇಳಿಸದೆ ಹೋದರೆ ಸತ್ತವರು ಮಂಚ ಬಿಟ್ಟು ಹೋಗುವುದಿಲ್ಲ ಎನ್ನುತ್ತಾರೆ. ಯಾರು ನೋಡಿದ್ದಾರೋ ನನಗೆ ತಿಳಿಯದು.

ತಾಯಿ ಆ ಹೆಸರನ್ನು ನೋಡಿದರೆ ಯಾರದು, ಏನಾದರು ಎಂದು ಕೇಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಸುಳ್ಳು ಹೇಳಲು ಬಾರದ ಮನುಷ್ಯ ಒಂದು ಉಪಾಯ ಮಾಡಿದ. ಓದಿದರೆ ತಾನೇ ನೆನಪಿರುವುದು? ಗುಜರಿಯ ಅಂಗಳದಲ್ಲಿಯೇ ಮುಖ ಆ ಕಡೆ ತಿರುಗಿಸಿಕೊಂಡು, ಹೆಸರನ್ನು ಓದದೆ, ಉಳಿ ಹಿಡಿದು ಕೆತ್ತಿ ತೆಗೆದ. ಮನೆಯ ಹಿತ್ತಲಿನಲ್ಲಿ ನಾಲ್ಕು ದಿನ ಉಪ್ಪುಕಾಗದ ಉಜ್ಜಿದ. ಎಣ್ಣೆ ಹಚ್ಚಿದ. ಹೊಸ ನವಾರು ಪಟ್ಟಿ ಎಳೆದು ಹೆಣೆದ. ಅದರಷ್ಟು ಚೆಂದದ ಕೆಲಸವನ್ನು ಅವನು ಅಲ್ಲಿಯತನಕ ಮಾಡಿರಲಿಲ್ಲ.

ತಾಯಿ ಬಂದು ನೋಡಿದಳು. ಕಾಲುಗಳನ್ನು ತಟ್ಟಿದಳು, ನವಾರನ್ನು ಒತ್ತಿದಳು, ಭೇಷ್ ಎಂದಳು. ತಲೆಹಲಗೆಯ ಮೇಲೆ ಕೈಯಾಡಿಸುವಾಗ ಒಂದು ಕಡೆ ಬೆರಳು ತಗ್ಗಿಗೆ ಇಳಿಯಿತು.

"ಇಲ್ಲೇನೋ ಇತ್ತಲ್ಲ ಮಗ?"

"ಯಾರ್ದೋ ಹೆಸ್ರಿತ್ತು ಕಣವ್ವ. ತೆಗೆದ್‌ಬಿಟ್ಟೆ."

"ಯಾರ್ದು?"

"ಗೊತ್ತಿಲ್ಲ. ನಾನು ಓದ್ಲಿಲ್ಲ."

ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡಳು. "ಹೆಸ್ರಿದ್ದಿದ್ರೆ ಇಂಥೋರು ಮಲಗಿದ್ರು ಅಂದ್ಕೊಂಡು ನಾನೂ ಮಲಗ್ತಿದ್ನೋ ಏನೋ. ಈಗ ಯಾರು ಬೇಕಾದ್ರೂ ಆಗ್ಬೋದು. ನಾನೊಲ್ಲೆ" ಎಂದಳು. ಚಾಪೆ ಹಾಸಿಕೊಂಡು ಕಲ್ಲುಚಪ್ಪಡಿಯ ಮೇಲೆ ಮಲಗಿದಳು.

ಅವನು ಬಿಡುವವನಲ್ಲ. ಅಯ್ಯನವರನ್ನು ಕರೆಸಿ ತೀರ್ಥ ಚಿಮುಕಿಸಿದ. ಧೂಪ ಹಾಕಿದ. ತಾನೇ ಒಂಬತ್ತು ದಿನ ಅದರ ಮೇಲೆ ಮಲಗಿ ಎದ್ದು, ನೋಡು ನನಗೇನಾಯಿತು ಎಂದು ಎದೆ ತಟ್ಟಿ ತೋರಿಸಿದ. ನಿನಗೇನು, ನೀನು ಗಟ್ಟಿಮುಟ್ಟಾಗಿದ್ದೀಯ, ನಿನ್ನ ಹತ್ತಿರ ಯಾರು ಬರುತ್ತಾರೆ ಎಂದಳು ತಾಯಿ. ಅವನು ಸಿಟ್ಟಾದ. ಇನ್ನೊಂದು ಸಲ ಉಜ್ಜಿದ. ಉಜ್ಜಿದಷ್ಟೂ ಹಲಗೆ ಹೊಳೆಯಿತು. ಹೊಳೆದಷ್ಟೂ ಮುದುಕಿ ಅದರ ಪಕ್ಕ ಹಾಯುವುದನ್ನೇ ಬಿಟ್ಟಳು. ಅಡುಗೆಮನೆಗೆ ಹೋಗಬೇಕಾದರೂ ಗೋಡೆ ಹಿಡಿದು ಸುತ್ತಿಕೊಂಡು ಹೋಗುತ್ತಿದ್ದಳು. ಪಾಪ, ಆ ಮಂಡಿಯಲ್ಲಿ.

ಒಂದು ಬೆಳಗ್ಗೆ ಸೊಸೆ ಎಬ್ಬಿಸಲು ಹೋದಳು. ಮುದುಕಿ ಏಳಲಿಲ್ಲ. ಮಗನೂ ಬಂದು ಕೈ ಕೊಟ್ಟ. ಅರ್ಧ ಎದ್ದವಳು ಚೀರಿ ಮತ್ತೆ ನೆಲಕ್ಕೆ ಕುಸಿದಳು. ಹೊತ್ತು ಮಂಚದ ಮೇಲೆ ಹಾಕುತ್ತೇವೆ ಎಂದರೆ ಎರಡೂ ಕೈಯಲ್ಲಿ ಕಂಬ ತಬ್ಬಿಕೊಂಡಳು. ಆ ಮನೆಯಲ್ಲಿ ಅವತ್ತು ಒಲೆ ಹೊತ್ತಲಿಲ್ಲ. ಅತ್ತೆಯ ಕಾಲು ನೀವುತ್ತ ಕೂತಿದ್ದ ಸೊಸೆ ಗಂಡನಿಗೆ, "ಉಜ್ಜಿದ್ದು ಆಯ್ತಲ್ಲ. ಯಾರ್ದು ಅಂತ ಹೋಗಿ ಕೇಳ್ಕೊಂಡು ಬನ್ನಿ" ಎಂದಳು.

ಅವನು ಗುಜರಿಯವನ ಹತ್ತಿರ ಹೋದ. ಗುಜರಿಯವನು ತಲೆ ಕೆರೆದುಕೊಂಡು ಒಂದು ಊರಿನ ಹೆಸರು ಹೇಳಿದ. ಆ ಊರಿಗೆ ಹೋದ. ಮಂಚ ಮಾರಿದವರು ಯಾರು ಎಂದು ಮನೆಮನೆಯಲ್ಲಿ ಕೇಳಿದ. ಕೊನೆಗೆ ಎಣ್ಣೆಗಾಣದ ಹಿಂದಿನ ಮನೆಯಲ್ಲಿ ಒಬ್ಬ ಹೆಂಗಸು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ, ಅದು ನಮ್ಮತ್ತೆಯ ಮಂಚ ಎಂದಳು. ಅಣ್ಣತಮ್ಮಂದಿರು ಬೇರೆಯಾದಾಗ ಹಳೆಯ ಮನೆ ಕೆಡವಿದರು, ಮಂಚ ಯಾರಿಗೂ ಬೇಡವಾಯಿತು, ಬೇಕಾಗಿದ್ದ ತನಗೆ ಇಡಲು ಜಾಗವಿರಲಿಲ್ಲ ಎಂದಳು. ಅವನು ಕೇಳಬೇಕಾದ್ದನ್ನು ಕೇಳಿದ. ಅವಳು ಮುಚ್ಚಿಡದೆ ಹೇಳಿದಳು. ಹೇಳುವಾಗ ಅತ್ತಳು.

ಅವನು ಹಿಂದಿರುಗುವ ಬಸ್ಸು ಹತ್ತಿದ. ತಾಯಿಗೆ ಇದನ್ನು ಹೇಳಿದರೆ ಅವಳು ಇನ್ನು ಎಂದೂ ಆ ಮಂಚ ಹತ್ತುವುದಿಲ್ಲ, ಆ ಚಪ್ಪಡಿಯ ಮೇಲೆಯೇ ಅವಳ ಕಾಲು ಮುಗಿಯಿತು ಎಂದುಕೊಂಡ. ಜೀವಮಾನದಲ್ಲಿ ಮೊದಲ ಸಲ ಒಂದು ಸುಳ್ಳು ಕಟ್ಟಿದ. ಮಂಚದವರು ಇನ್ನೂ ಬದುಕಿದ್ದಾರೆ, ಮಗಳ ಮನೆಯಲ್ಲಿ ಚೆನ್ನಾಗಿದ್ದಾರೆ ಎಂದು ಬಸ್ಸಿನಲ್ಲಿ ಕೂತು ನಾಲ್ಕಾರು ಸಲ ಬಾಯಿಪಾಠ ಮಾಡಿದ.

ಮನೆಗೆ ಬಂದ. ತಾಯಿ ಚಾಪೆಯ ಮೇಲಿದ್ದಳು. ಅವನ ಮುಖವನ್ನೇ ನೋಡಿದಳು. ಬಾಯಿಪಾಠ ಮಾಡಿದ್ದು ಬಾಯಿಗೆ ಬರಲಿಲ್ಲ.

"ಸಣ್ಣೀರಮ್ಮ ಅಂತ ಕಣವ್ವ. ಅದರ ಮ್ಯಾಲೇ ಹೋದ್ರಂತೆ."

"ಚಾಪೆಗೆ ಇಳಿಸ್ಲಿಲ್ವಾ?"

"ಇಳಿಸೋಕೆ ಜನ ಬಂದ್ರಂತೆ. ಸೊಸೆ ಬಿಡ್ಲಿಲ್ವಂತೆ. ನೆಲ ತಣ್ಣಗೈತೆ, ನಮ್ಮತ್ತೆಗೆ ಚಳಿ ಆಯ್ತದೆ ಅಂತ ಮಂಚದ ಮ್ಯಾಲೆ ತಾನೂ ಹತ್ತಿ ಕೂತು, ತಲೆ ತೊಡೆ ಮ್ಯಾಲಿಟ್ಕೊಂಡು ಬಾಯಿಗೆ ನೀರು ಬಿಟ್ಲಂತೆ."

ತಾಯಿ ತನ್ನ ಕಾಲ ಬಳಿ ಕೂತಿದ್ದ ಸೊಸೆಯನ್ನು ನೋಡಿದಳು. ಸೊಸೆ ಬೆಳಗಿನಿಂದ ಆ ಜಾಗ ಬಿಟ್ಟು ಎದ್ದಿರಲಿಲ್ಲ.

"ಎತ್ರಪ್ಪ ನನ್ನ" ಎಂದಳು.

ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಕೂರಿಸಿದರು. ಮುದುಕಿ ಸೆರಗು ಸರಿಮಾಡಿಕೊಂಡಳು. ದಿಂಬಿನ ಕಡೆಗೆ ತಿರುಗಿ, ಬಸ್ಸಿನಲ್ಲಿ ಪಕ್ಕದ ಸೀಟಿನವಳಿಗೆ ಹೇಳುವಂತೆ, "ಸಣ್ಣೀರಮ್ಮ, ಒಂಚೂರು ಆ ಕಡೆ ಸರಿಯವ್ವ" ಎಂದು ಹೇಳಿ, ಮೆಲ್ಲಗೆ ಒಂದು ಪಕ್ಕಕ್ಕೆ ಮಲಗಿದಳು. ಮಲಗಿದ ಸ್ವಲ್ಪ ಹೊತ್ತಿಗೆ ನಿದ್ದೆ ಬಂತು. ಬೆಳಗಾಗುವವರೆಗೂ ಏಳಲಿಲ್ಲ. ಮಗ ಬಾಗಿಲ ಹಿಂದೆ ನಿಂತು ಗಳಗಳನೆ ಅತ್ತುಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಮುರಿಗೇಶನ ಮುಂದೆ ಇದ್ದ ಕಾಯಿ ಹಾಗೆಯೇ ಇತ್ತು. ಅವನು ಒಂದನ್ನೂ ಬಿಡಿಸಿರಲಿಲ್ಲ.

"ಸಣ್ಣೀರಮ್ಮನ ಸೊಸೆ ಇದ್ದದ್ದನ್ನು ಇದ್ದಂತೆ ಹೇಳದೆ ಹೋಗಿದ್ದರೆ?" ಎಂದು ಕೊನೆಗೆ ಕೇಳಿದ. "ಅಥವಾ ಅಲ್ಲಿ ಕೇಳಿಸಿಕೊಳ್ಳಲಾಗದ ಸಂಗತಿಯೇ ಇದ್ದಿದ್ದರೆ?"

ಗುರುಗಳು ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡು, "ನಿಮ್ಮ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ?" ಎಂದರು.