ಅಡುಗೆಮನೆಯ ಬಣ್ಣಕ್ಕೊಂದು ಒಗ್ಗರಣೆ

ನಿವೃತ್ತ ತಹಶೀಲ್ದಾರ ವಿರೂಪಾಕ್ಷಪ್ಪನವರು ಹೊಸ ಮನೆಯ ಅಡುಗೆಮನೆಗೂ ಹುಕುಂ ಹೊರಡಿಸಿದರು. “ಹಾಲಿನಂಥ ಬಿಳಿ ಬಣ್ಣ. ಬೇರೆ ಮಾತಿಲ್ಲ!”

ಹೆಂಡತಿ ಶಾಂತವ್ವ ಮೂವತ್ತು ವರ್ಷ ಸರಕಾರಿ ಕ್ವಾರ್ಟರ್ಸಿನ ಬಿಳಿ ಗೋಡೆ ತಿಕ್ಕಿದವರು. ಅವರಿಗೆ ಹಳದಿ ಬೇಕಿತ್ತು, ಹೇಳಿಯೂ ನೋಡಿದರು. ಕೇಳುವವರು ಯಾರು?

ಪೇಂಟರ್ ದಸ್ತಗೀರ ಕೇಳಿಸಿಕೊಂಡಿದ್ದ. ಒಲೆಯ ಹಿಂದೆ ಒಂದು ಮೊಳ ಬಿಳಿ ಬಳಿದು, ಒಣಗಿದ ಮೇಲೆ ಕೈಕಟ್ಟಿ ನಿಂತ.

“ಸಾಹೇಬ್ರ, ಅಡಿಗಿಮನಿ ಬಣ್ಣಕ್ಕ ಒಂದು ಪರೀಕ್ಷೆ ಐತ್ರಿ. ಆರಿಸಿದವ್ರು ತಮ್ಮ ಕೈಯಾರೆ ಒಂದು ಒಗ್ಗರಣಿ ಹಾಕಬೇಕ್ರಿ.”

“ಅದೇನು ಮಹಾ!” ಸಾಹೇಬರು ಎಣ್ಣೆ ಕಾಯಿಸಿ ಸಾಸಿವೆ, ಅರಿಶಿನ ಸುರಿದರು. ಸಾಸಿವೆ ಸಿಡಿಯಿತು. ಗಾಬರಿಯಾಗಿ, ಶಾಂತವ್ವ ಬೇಯಿಸಿಟ್ಟಿದ್ದ ಬೇಳೆಯನ್ನು ದೂರದಿಂದಲೇ ಬಾಣಲೆಗೆ ಎಸೆದರು. ಗೋಡೆ, ಕನ್ನಡಕ, ಮೀಸೆ ಎಲ್ಲಾ ಹಳದಿ.

ಶಾಂತವ್ವ ಒದ್ದೆ ಬಟ್ಟೆ ಕೊಟ್ಟರು. ಸಾಹೇಬರು ತಿಕ್ಕಿದರು, ತಿಕ್ಕಿದರು. ಕಲೆ ಹೋಗಲಿಲ್ಲ, ಇನ್ನಷ್ಟು ಹರಡಿತು.

“ಹಳದಿ ನೀವೇ ಶುರು ಮಾಡೀರಿ,” ಅಂದ ದಸ್ತಗೀರ. “ಉಳಿದ ಗ್ವಾಡಿ ನಾ ಮುಗಿಸ್ಲೇನ್ರಿ?”

ಸಾಹೇಬರು ಮೀಸೆ ಒರೆಸಿಕೊಂಡರು. “ಹಚ್ಚು. ಆದ್ರ ಈ ಬಣ್ಣ ಆರಿಸಿದ್ದು ನಾನಂತ ಎಲ್ಲಾರಿಗೂ ಹೇಳು.”

“ಹೇಳ್ತೀನ್ರಿ,” ಎಂದು ದಸ್ತಗೀರ ಡಬ್ಬಿಯ ಮುಚ್ಚಳ ತೆಗೆದ. ಹಳದಿಯನ್ನು ಅವನು ಮುಂಜಾನೆಯೇ ಕಲಸಿಟ್ಟಿದ್ದ.