ದ್ಯಾಮವ್ವನ ಕಣ್ಣು

ಹೊಳೆದಂಡೆಯ ಆ ಆಶ್ರಮದಲ್ಲಿ ಮಂತ್ರಕ್ಕಿಂತ ಬಣ್ಣ ಅರೆಯುವ ಸದ್ದೇ ಹೆಚ್ಚು. ಗುರು ಮೌನಪ್ಪಯ್ಯನವರು ಚಿತ್ರ ಕಲಿಸುತ್ತಿದ್ದರು. ಶಿಷ್ಯರು ಮರದ ಹಲಗೆಗಳ ಮೇಲೆ ದೇವರು, ದೇವತೆ, ಆನೆ, ಅಂಬಾರಿ ಬರೆಯುತ್ತಿದ್ದರು. ನೋಡಲು ಬಂದವರು ಕೈಮುಗಿದು ಹೋಗುತ್ತಿದ್ದರು. ಕೈಮುಗಿದ ಮೇಲೆ ಯಾರೂ ಚಿತ್ರ ನೋಡುವುದಿಲ್ಲ, ಅದು ಬೇರೆ ಮಾತು.

ಶರಭನಿಗೆ ಇದು ಸಾಕಾಗಿತ್ತು. ಶಿಷ್ಯರಲ್ಲೆಲ್ಲ ಅವನ ಕೈ ಚುರುಕು. ನಾಲಿಗೆ ಕೈಗಿಂತ ಚುರುಕು.

ಒಂದು ಬೆಳಿಗ್ಗೆ ಅವನು ಕುಂಚ ಕೆಳಗಿಟ್ಟ.

“ಗುರುಗಳ, ಇನ್ನ ಮ್ಯಾಲೆ ನಾ ದೇವರ ಚಿತ್ರ ತಗಿಯೂದಿಲ್ರಿ.”

“ಯಾಕಪಾ, ದೇವರು ಏನ್ ಮಾಡ್ಯಾನ?”

“ಏನೂ ಮಾಡಿಲ್ರಿ, ಅದಕ್ಕ. ಕಮಲದಂಥ ಕಣ್ಣು, ಬಾಳಿ ದಿಂಡಿನಂಥ ತೋಳು. ಈ ಊರಾಗ ಅಂಥ ಕಣ್ಣು ಯಾರಿಗೆ ಅದಾವ್ರಿ? ನಾ ಕಂಡದ್ದನ್ನ ತಗೀತೀನಿ. ಇದ್ದದ್ದು ಇದ್ದಂಗ.”

ಪಕ್ಕದಲ್ಲಿ ಬಣ್ಣ ಅರೆಯುತ್ತಿದ್ದ ಇನ್ನೊಬ್ಬ ಶಿಷ್ಯ ನಕ್ಕ. “ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ.”

“ಒದೀಲಿ,” ಎಂದ ಶರಭ.

ಗುರುಗಳಿಗೆ ಸಿಟ್ಟು ಬರಲಿಲ್ಲ. ಹುಡುಗನ ಮಾತು ಒಳಗೊಳಗೆ ಅವರಿಗೂ ಹಿಡಿಸಿತ್ತು.

“ತಗಿ. ಆದ್ರ ಇದ್ದದ್ದು ಭಾಳ ಇರತೈತಿ, ತಮ್ಮಾ. ಒಂದು ಹಲಗಿ ಸಾಲೂದಿಲ್ಲ.”

ಶರಭನಿಗೆ ಅದು ಆಶೀರ್ವಾದದಂತೆ ಕೇಳಿಸಿತು.

“ಮತ್ತ ನಮ್ಮ ಪದ್ಧತಿ ಬಿಡಬ್ಯಾಡ,” ಎಂದರು ಗುರುಗಳು.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಯಾರ ಚಿತ್ರವೇ ಆಗಲಿ, ಕಣ್ಣು ಬರೆಯುವುದು ಕೊನೆಗೆ. ಉಳಿದದ್ದೆಲ್ಲ ಮುಗಿದು ಬಣ್ಣ ಒಣಗಿದ ಮೇಲೆ, ಒಂದು ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಏನೂ ತಿನ್ನದೆ ಕೂತು ಕಣ್ಣು ಬರೆಯಬೇಕು. ಮೊದಲೇ ಕಣ್ಣು ಬರೆದರೆ ಚಿತ್ರವು ಬರೆಯುವವನನ್ನೇ ನೋಡತೊಡಗುತ್ತದೆ, ಆಮೇಲೆ ಕೈ ನಡುಗುತ್ತದೆ ಎಂದು ಗುರುಗಳು ಹೇಳುತ್ತಿದ್ದರು. ಅವರ ಗುರುಗಳೂ ಹಾಗೇ ಹೇಳಿದ್ದರಂತೆ.

ಆಶ್ರಮದಿಂದ ಕೆಳಗೆ, ಹೊಳೆ ತಿರುಗುವ ಕಡೆ ಸುಣ್ಣದ ಗೂಡುಗಳಿದ್ದವು. ಅಲ್ಲಿ ದ್ಯಾಮವ್ವ ಎಂಬ ಮುದುಕಿ ಸುಟ್ಟ ಕಲ್ಲಿಗೆ ನೀರು ಸುರಿದು ಸುಣ್ಣ ಅರಳಿಸುತ್ತಿದ್ದಳು. ನೀರು ಬಿದ್ದ ಕೂಡಲೇ ಕಲ್ಲು ಕುದಿದು ಬಿಳಿ ಹಬೆ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಅವಳ ಕೈ ಬಿರುಕು ಬಿಟ್ಟಿದ್ದವು. ಹುಬ್ಬು ಬೆಳ್ಳಗೆ. ಎರಡು ಕಣ್ಣೂ ಕೆಂಪು, ಸದಾ ನೀರು.

ಒಂದು ದಿನ ಅತ್ತ ಹೋದ ಶರಭ ಅವಳನ್ನು ನೋಡಿದ್ದೇ ನಿಂತುಬಿಟ್ಟ. ತಾನು ಹುಡುಕುತ್ತಿದ್ದ ನಿಜ ಇದೇ ಎಂದು ಅವನಿಗನ್ನಿಸಿತು.

“ಎವ್ವಾ, ನಿನ್ನ ಚಿತ್ರ ತಗೀತೀನಿ. ಕೂಡತಿಯೇನು?”

ದ್ಯಾಮವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. “ನನ್ನ ಮಾರಿನಾ? ಬ್ಯಾರೆ ಯಾರೂ ಸಿಗಲಿಲ್ಲೇನೋ ತಮ್ಮಾ?”

“ನಿನ್ನ ಮಾರಿನ ಬೇಕು. ಏನು ಕೊಡಲಿ ಹೇಳು.”

“ಏನೂ ಬ್ಯಾಡ. ಮುಗದ ಮ್ಯಾಲೆ ನನಗೂ ಒಂದ್ಸಲ ತೋರಸು. ನಾ ನಮ್ಮವ್ವನ್ನ ಹೋಲತೀನಿ ಅಂತಾರ. ಆಕಿ ಹೆಂಗಿದ್ಲು ಅನ್ನೂದ ನನಗ ಮರತೈತಿ. ನನ್ನ ಮಾರಿ ನೋಡಿದ್ರ ನೆನಪಾದೀತು.”

“ತೋರಸ್ತೀನಿ,” ಎಂದು ಶರಭ ಮಾತು ಕೊಟ್ಟ.

ಸಂಜೆ ಅವನು ಗುರುಗಳಿಗೆ ಎಲ್ಲ ಹೇಳಿದ. ಬಿರುಕು ಬಿಟ್ಟ ಕೈ ವರ್ಣಿಸಿದ. ಕೆಂಪು ಕಣ್ಣು ವರ್ಣಿಸಿದ. ಹೇಳುವಾಗ ಅವನ ಮುಖ ಅರಳಿತ್ತು.

ಗುರುಗಳು ಕಣ್ಣಿನ ಮಾತು ಕೇಳಿದ್ದೇ ಎದ್ದು ಹೋದರು. ತುಪ್ಪದಲ್ಲಿ ಔಷಧ ಅರೆದು ಒಂದು ಕುಡಿಕೆಯಲ್ಲಿ ತುಂಬಿ ತಂದರು.

“ನಾಳೆ ಹೋಗೂ ಮುಂದ ಆಕಿಗೆ ಕೊಡು. ಮುಂಜಾನೆ, ಸಂಜಿಕೆ ಹಚ್ಕೊಳ್ಳಲಿ. ಸುಣ್ಣ ಬಿದ್ದ ಕಣ್ಣು ತಡ ಮಾಡಬಾರದು. ನಾಕು ದಿನದಾಗ ಕೆಂಪು ಇಳೀತೈತಿ.”

ಶರಭ ಕುಡಿಕೆ ತೆಗೆದುಕೊಂಡ. ಆದರೆ ಗುರುಗಳ ಕೊನೆಯ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಕೆಂಪು ಇಳಿಯುತ್ತದೆ. ಇಳಿದರೆ?

ಚಿತ್ರಕ್ಕೆ ದಿನ ಹಿಡಿಯುತ್ತದೆ. ಕೈ ಬರೆಯಬೇಕು, ಸೀರೆ ಬರೆಯಬೇಕು, ಹಿಂದಿನ ಗೂಡು, ಹಬೆ ಬರೆಯಬೇಕು. ಕಣ್ಣಿನ ಸರದಿ ಬರುವುದು ಕೊನೆಗೆ. ಅಷ್ಟರಲ್ಲಿ ಆ ಕಣ್ಣು ಎಲ್ಲರ ಕಣ್ಣಿನಂತೆ ಆಗಿಬಿಟ್ಟರೆ ಏನು ಬರೆಯುವುದು? ಮನಸ್ಸಿನಿಂದ ಕೆಂಪು ಹಚ್ಚಿದರೆ ಅದು ಸುಳ್ಳಾಗುತ್ತದೆ. ಸುಳ್ಳು ಬರೆಯುವುದಿಲ್ಲ ಎಂದೇ ಅಲ್ಲವೇ ಅವನು ದೇವರನ್ನು ಬಿಟ್ಟದ್ದು.

ಗುರುಗಳ ಪದ್ಧತಿ ಮುರಿಯಲು ಅವನಿಗೆ ಮನಸ್ಸಾಗಲಿಲ್ಲ. ಔಷಧ ತಡೆಯಲು ಮಾತ್ರ ಮನಸ್ಸಾಯಿತು.

ಮುಗಿದ ಮೇಲೆ ಕೊಟ್ಟರಾಯಿತು ಎಂದುಕೊಂಡು ಅವನು ಆ ಕುಡಿಕೆಯನ್ನು ತಾನು ದಿನಾ ಹೊತ್ತೊಯ್ಯುವ ಬಣ್ಣದ ಚಿಪ್ಪುಗಳ ನಡುವೆ ಇಟ್ಟ. ಶರಭ ಕೆಟ್ಟ ಹುಡುಗನಲ್ಲ. ಕೆಟ್ಟವನಾಗಿದ್ದರೆ ಅಷ್ಟು ಶ್ರದ್ಧೆಯಿಂದ ಕೂತು ಬರೆಯುತ್ತಿರಲಿಲ್ಲ.

ದಿನಾ ಮಧ್ಯಾಹ್ನ ಗೂಡು ಆರಿದ ಹೊತ್ತಿಗೆ ದ್ಯಾಮವ್ವ ಅವನ ಎದುರು ಕಲ್ಲಿನ ಮೇಲೆ ಕೂರುತ್ತಿದ್ದಳು. ಅವನು ಹಲಗೆಗೆ ಬಳಿದ ಬಿಳುಪೂ ಅವಳು ಅರಳಿಸಿದ ಸುಣ್ಣವೇ.

“ತಮ್ಮಾ, ಕಣ್ಣು ಭಾಳ ಉರಿಯಾಕತ್ತಾವ. ಹಸೀ ಅರಿವಿ ಇಟ್ಕೊಳ್ಳಲೇನು?”

“ಸ್ವಲ್ಪ ತಡಿ ಎವ್ವಾ. ಇನ್ನೇನು ಮುಗೀತು.”

“ಚಿತ್ರ ಕೆಡತೈತೇನು?”

“ಕೆಡತೈತಿ.”

“ಹಂಗಾರ ಬ್ಯಾಡ ಬಿಡು.”

ಇನ್ನೊಂದು ದಿನ ಅವಳು ಕೇಳಿದಳು. “ಇವತ್ತು ಮ್ವಾಡ ಮುಚ್ಚೇತೇನು? ನೀ ಮಸುಕು ಮಸುಕು ಕಾಣತಿ.”

ಅಂದು ಸುಡುಬಿಸಿಲು. ಶರಭ ಅವಳ ಗಲ್ಲದ ಸುಕ್ಕು ಬರೆಯುವುದರಲ್ಲಿದ್ದ. ಕೇಳಿಸಿತು, ಆದರೆ ತಲೆ ಎತ್ತಲಿಲ್ಲ.

ಕಡೆಗೆ ಒಂದು ಬೆಳಿಗ್ಗೆ ಅವನು ಹೊಳೆಯಲ್ಲಿ ಮಿಂದು, ಏನೂ ತಿನ್ನದೆ, ಕಣ್ಣು ಬರೆದ.

ಮರುದಿನ ಹಲಗೆ ಆಶ್ರಮದ ಅಂಗಳಕ್ಕೆ ಬಂತು. ಶಿಷ್ಯರು ಮುಗಿಬಿದ್ದರು. ಊರಿನವರೂ ಬಂದರು. ಯಾರೂ ಕೈಮುಗಿಯಲಿಲ್ಲ, ಎಲ್ಲರೂ ನೋಡಿದರು. ಅಂದು ನಕ್ಕಿದ್ದ ಶಿಷ್ಯನೇ ಬಂದು ಶರಭನ ಹೆಗಲು ಹಿಡಿದ. “ಇದನ್ನ ನೋಡಿದ್ರ ನನ್ನ ಕಣ್ಣ ಉರೀತಾವಲೇ,” ಎಂದ. ಊರ ಗೌಡರ ಮನೆಯ ಹೆಂಗಸೊಬ್ಬಳು ಅತ್ತು, ಮುಖ ಒರೆಸಿಕೊಂಡು, ಮತ್ತೊಮ್ಮೆ ನೋಡಿ ಅತ್ತಳು.

ಸುಣ್ಣದ ಗೂಡು ಅವಳ ಮನೆಯಿಂದ ಕಾಣುತ್ತಿತ್ತು. ಅದನ್ನು ನೋಡಿ ಅವಳು ಎಂದೂ ಅತ್ತದ್ದಿಲ್ಲ.

ಗುರುಗಳು ಎಲ್ಲರ ಹಿಂದೆ ನಿಂತು ನೋಡಿದರು. ಜನ ಕರಗಿದ ಮೇಲೆ ಹತ್ತಿರ ಬಂದರು.

“ಕಣ್ಣು ಯಾವಾಗ ತಗದಿ?”

“ನಿನ್ನೆ ಮುಂಜಾನೆ ರಿ. ನಮ್ಮ ಪದ್ಧತಿ ಹೆಂಗೈತಿ ಹಂಗ.”

“ಆಕಿನ್ನ ಎದುರಿಗೆ ಕುಂದ್ರಿಸಿಕೊಂಡು?”

“ಹೌದ್ರಿ. ಒಂದು ಗೆರಿನೂ ಮನಸಿನಿಂದ ಹಾಕಿಲ್ರಿ.”

“ಹಂಗಾರ ನಿನ್ನೆ ಮುಂಜಾನೆನೂ ಕಣ್ಣು ಹಿಂಗ ಇದ್ವು.”

ಶರಭ ಹಲಗೆಯ ಅಂಚು ಒರೆಸತೊಡಗಿದ.

“ನಾ ಔಷಧ ಕಳಿಸಿದ್ನಲ್ಲ?”

ಗುರುಗಳು ಅಂಗಳದ ಮೂಲೆಯಲ್ಲಿದ್ದ ಅವನ ಬಣ್ಣದ ಚಿಪ್ಪುಗಳ ಕಡೆ ನೋಡಿದರು. ಕುಡಿಕೆ ಅಲ್ಲೇ ಇತ್ತು, ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿರಲಿಲ್ಲ.

“ಇವತ್ತ ಕೊಡೂಣು ಅಂತ ಇದ್ನಿರಿ,” ಎಂದ ಶರಭ. ಅದು ನಿಜವೇ ಆಗಿತ್ತು.

ಗುರುಗಳು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಕುಡಿಕೆ ಎತ್ತಿಕೊಂಡು ಹೊರಟರು. “ಹಲಗಿ ತಗೊಂಡು ಬಾ. ಆಕಿಗೆ ತೋರಸ್ತೀನಿ ಅಂದಿದ್ದಿಯಲ್ಲ.”

ದಾರಿಯಲ್ಲಿ ಅವರು ಒಂದೇ ಮಾತಾಡಿದರು.

“ಕಣ್ಣು ಕೊನೆಗೆ ಅಂತ ಕಲಿಸಿದಾವ ನಾನು. ಔಷಧ ಮುಟ್ಟಿತೇನು ಅಂತ ಒಂದು ದಿನಾನೂ ಕೇಳದ ಇದ್ದಾವನೂ ನಾನ.”

ದ್ಯಾಮವ್ವ ಗೂಡಿನ ಹತ್ತಿರ ಇರಲಿಲ್ಲ. ತನ್ನ ಗುಡಿಸಲಿನ ಮುಂದೆ, ಬಿಸಿಲಿಗೆ ಮುಖ ಮಾಡಿ ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಲೆ ತಿರುಗಿಸಿದಳು. ದಿನದಿನಕ್ಕೆ ಮಸುಕಾಗುತ್ತಿದ್ದ ಎರಡು ಕಣ್ಣಿನಲ್ಲೂ ಈಗ ಬಿಳಿ ಹೂ ಬಿದ್ದು ನೋಟ ಹೋಗಿತ್ತು.

“ಯಾರು?”

“ನಾನು ಎವ್ವಾ, ಶರಭ. ಗುರುಗಳೂ ಬಂದಾರ.”

ಗುರುಗಳು ಅವಳ ಪಕ್ಕ ನೆಲದ ಮೇಲೆ ಕೂತರು. ಕುಡಿಕೆಯ ಬಟ್ಟೆ ಬಿಚ್ಚಿ, ಅವಳ ರೆಪ್ಪೆ ಎತ್ತಿ, ತಾವೇ ಔಷಧ ಹಚ್ಚಿದರು. ಈಗ ಅದರಿಂದ ಆಗುವುದೇನೂ ಇಲ್ಲವೆಂದು ಅವರಿಗೆ ಗೊತ್ತಿತ್ತು. ಆದರೂ ಹಚ್ಚಿದರು.

“ತಂಪಾತು,” ಎಂದಳು ದ್ಯಾಮವ್ವ. “ಗುರುಗಳ, ನಾಳೆ ಗೂಡಿಗೆ ಹೋಗಾಕ ಆಗತೈತೇನ್ರಿ?”

“ಇಲ್ಲವ್ವಾ.”

“ನಾಡದ?”

“ಇಲ್ಲ. ನೀ ಆಶ್ರಮಕ್ಕ ಬಾ. ಅಲ್ಲೇ ಇರು.”

“ಅಲ್ಲಿ ಬಂದು ಏನ್ ಮಾಡ್ಲ್ರಿ?”

“ಉಂಡು ಕುಂದ್ರು.”

“ದುಡೀಲಾರದ ಉಂಡಾಕಿ ಅಲ್ರಿ ನಾ,” ಎಂದಳು. ಗುರುಗಳು ಕುಡಿಕೆಯ ಬಾಯಿಗೆ ಬಟ್ಟೆ ಮತ್ತೆ ಕಟ್ಟಿದರು.

ಆಮೇಲೆ ಅವಳಿಗೆ ನೆನಪಾಯಿತು. ಮುಖ ಸ್ವಲ್ಪ ಅರಳಿತು. “ತಮ್ಮಾ, ಚಿತ್ರ ಮುಗೀತೇನೋ?”

“ಮುಗೀತ್ ಎವ್ವಾ.”

“ತಂದೀಯೇನು?”

“ತಂದೀನಿ.”

ಅವಳು ಕೈ ಚಾಚಿದಳು. ಶರಭ ಹಲಗೆಯನ್ನು ಅವಳ ಮಡಿಲಲ್ಲಿಟ್ಟ. ಅವಳು ಅಂಚು ಸವರಿದಳು, ನಡುವೆ ಸವರಿದಳು. ಬಣ್ಣ ನುಣುಪಾಗಿತ್ತು, ಕೈಗೆ ಏನೂ ಸಿಗಲಿಲ್ಲ.

“ಹೆಂಗ ಬಂದೀನಿ?”

ಇದ್ದದ್ದು ಇದ್ದಂಗ ಎನ್ನುತ್ತಿದ್ದವನು ಗುರುಗಳ ಮುಖ ನೋಡಿದ. ಗುರುಗಳು ಹೊಳೆ ನೋಡುತ್ತಿದ್ದರು.

“ಚಲೋ ಬಂದಿ ಎವ್ವಾ.”

“ಕಣ್ಣು?”

“ಕಣ್ಣೂ ಚಲೋ ಬಂದಾವ.”

“ನಮ್ಮವ್ವನ್ನ ಹೋಲತೀನೇನು?”

ಅವಳ ಅವ್ವನನ್ನು ಶರಭ ಕಂಡಿರಲಿಲ್ಲ. “ಹೋಲತಿ,” ಎಂದ. ದ್ಯಾಮವ್ವ ತೃಪ್ತಿಯಿಂದ ಹಲಗೆಯ ಮೇಲೆ ಕೈಯಿಟ್ಟುಕೊಂಡು ಕೂತಳು.

ಹಲಗೆ ಮರಳಿ ಇಸಿದುಕೊಳ್ಳಲು ಅವನಿಗೆ ಧೈರ್ಯ ಬರಲಿಲ್ಲ. ಅವಳೇ ಕೊಟ್ಟಳು. “ಒಯ್ಯಪಾ, ನಾಕು ಮಂದಿ ನೋಡಲಿ.”

ಹಿಂದಿರುಗುವಾಗ ಶರಭ ಹೊಳೆಯ ಹತ್ತಿರ ನಿಂತ.

“ಗುರುಗಳ, ಇದನ್ನ ಸುಟ್ಟು ಬಿಡ್ತೀನ್ರಿ.”

“ಯಾಕ?”

“ನನಗ ಇದನ್ನ ನೋಡಾಕ ಆಗವಲ್ದು.”

“ಸುಟ್ರ ನಿನಗ ಸಮಾಧಾನ ಆಗತೈತಿ. ಆಕಿಗೆ ಏನಾಗತೈತಿ?”

ಶರಭ ಹಲಗೆಯನ್ನು ಎದೆಗೆ ಅವುಚಿಕೊಂಡು ಅತ್ತ. ಗುರುಗಳು ಅವನನ್ನು ಸಂತೈಸಲಿಲ್ಲ. ಅತ್ತು ಮುಗಿಯುವವರೆಗೆ ನಿಂತರು.

“ಒಂದು ಮಾತು ಹೇಳ್ರಿ. ಇದು ಖರೇ ಚಿತ್ರ ಹೌದೋ ಅಲ್ಲೋ?”

“ಅರ್ಧ ಖರೇ ಐತಿ.”

“ಏನು ಬಿಟ್ಟೀನ್ರಿ? ಸುಕ್ಕು ಬಿಟ್ಟಿಲ್ಲ, ಬಿರುಕು ಬಿಟ್ಟಿಲ್ಲ.”

“ಅಲ್ಲಿ ಇಬ್ಬರು ಕೂತಿದ್ರು, ತಮ್ಮಾ. ಒಬ್ಬಾಕಿ ಕಣ್ಣುರಿ ತಡಕೊಂಡು ಕೂತಿದ್ಲು. ಇನ್ನೊಬ್ಬಾವ ಔಷಧ ಮಗ್ಗಲಕ್ಕ ಇಟ್ಕೊಂಡು ಆಕಿನ್ನ ನೋಡ್ಕೋತ ಕೂತಿದ್ದ. ಅವನ್ನ ನೀ ತಗದಿಲ್ಲ.”

ಶರಭ ಹಲಗೆಯ ಕಡೆ ನೋಡಿದ. ಅಂಗಳದಲ್ಲಿ ಸೇರಿದ್ದ ಜನ, ಹೆಗಲು ಹಿಡಿದ ಗೆಳೆಯ, ಅತ್ತ ಹೆಂಗಸು ಎಲ್ಲ ಅವನಿಗೆ ನೆನಪಾಯಿತು.

“ಅವನ್ನ ತಗದ್ರ ನೋಡಾಕ ಯಾರು ಬರತಾರ್ರಿ?”

“ಯಾರೂ ಬರೂದಿಲ್ಲ,” ಎಂದರು ಗುರುಗಳು. “ಅದಕ್ಕ ಅಂಥಾ ಚಿತ್ರ ಇನ್ನೂ ಯಾರೂ ತಗದಿಲ್ಲ.”